ನಲವತ್ತರಲ್ಲಿ ನಲವತ್ತನೆಯದು

ಮೊದಲ ಪುಟ (ಬರೆದದ್ದು ಕೊನೆಗೆ, ಡಿಸೆಂಬರ್ 30)

ಲಾಭ ಬಂದ ಮೇಲೆ ಬರೆಯೋಣ ಅಂತ ಈ ಪುಟವನ್ನು ವರ್ಷವಿಡೀ ಖಾಲಿ ಬಿಟ್ಟಿದ್ದೆ. ಜಾಗ ಹಾಳಾಗಬಾರದು, ಖರ್ಚನ್ನೇ ಬರೆಯುತ್ತೇನೆ. ಹೋದದ್ದು: ಸರಕಾರಿ ಗುತ್ತಿಗೆ ಒಂದು. ಗಲ್ಲಿ ಸುತ್ತಿ ಸವೆದ ಚಪ್ಪಲಿ, ಎರಡು ಜೊತೆ. ಅಕ್ಕನ ಮಾತು, ಸುಮಾರು ಎರಡು ತಿಂಗಳದ್ದು. ಅಕ್ಕನ ಕೈಯೂಟ, ಅಷ್ಟೇ ಕಾಲ. ಮಾತಿಗಿಂತ ಊಟದ ನಷ್ಟವೇ ಹೆಚ್ಚು ಕಾಡಿತು ಅನ್ನುವುದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ‘ಲೆಕ್ಕದಲ್ಲಿ ಇವನನ್ನ ಯಾರೂ ಯಾಮಾರಿಸೋಕಾಗಲ್ಲ’ ಅನ್ನುವ ಹೆಸರು, ಪೇಟೆಯಲ್ಲಿ ಕಷ್ಟಪಟ್ಟು ಗಳಿಸಿದ್ದು. ಅದನ್ನು ಯಾರೂ ಕಸಿಯಲಿಲ್ಲ. ನನ್ನನ್ನು ನಾನೇ ಯಾಮಾರಿಸಿಕೊಂಡು ಕಳೆದೆ.

ಫೆಬ್ರವರಿ 3

ಬೇರೆಯವರು ನಗುವ ಮೊದಲು ನಾನೇ ನಕ್ಕುಬಿಡುತ್ತೇನೆ. ರಾಜ್ಯದ ಅಗ್ನಿಶಾಮಕ ಇಲಾಖೆಯ ಕೆಲಸ ಅಳೆದುಕೊಡಲು ಪಾರ್ಸೆಲ್ ಸಾಗಿಸುವವನನ್ನು ನೇಮಿಸಿದ್ದಾರೆ.

ಆದದ್ದಿಷ್ಟು. ವ್ಯಾಪಾರಿಗಳ ಸಭೆಯಲ್ಲಿ ನನ್ನ ಕೈಗೆ ಮೈಕು ಬಂತು. ಮೈಕು ಬಂದರೆ ನಾನು ಎರಡು ಅಂಗುಲ ಎತ್ತರವಾಗುತ್ತೇನೆ ಅಂತ ನನ್ನಾಕೆ ಯಾವಾಗಲೂ ಹೇಳುತ್ತಾಳೆ. ಒಂದು ಸೈಕಲ್ಲಿನಿಂದ ಶುರುಮಾಡಿ ನೂರು ಬಂಡಿಗೆ ಬಂದ ಕಥೆ ಹೇಳಿದೆ. ಮುಂದಿನ ಸಾಲಿನಲ್ಲಿ ಇಲಾಖೆಯ ನಿರ್ದೇಶಕಿ ಕೂತಿದ್ದರು. ಸಭೆ ಮುಗಿದ ಮೇಲೆ ಹತ್ತಿರ ಬಂದರು.

“ನಿಮ್ಮ ಯಾವ ಪಾರ್ಸೆಲ್ ಎಲ್ಲಿದೆ ಅಂತ ಈಗ್ಲೇ ಹೇಳ್ತೀರಾ?”

“ಹೇಳ್ತೀನಿ ಮೇಡಂ.”

“ನನ್ನ ಕೈಕೆಳಗೆ ನಲವತ್ತು ಠಾಣೆ ಇವೆ. ಯಾವುದು ದುಡೀತಿದೆ, ಯಾವುದು ಕೂತು ತಿಂತಿದೆ ಅಂತ ಮೇಲಿನವರು ಕೇಳಿದ್ರೆ ನಾನು ಆಕಾಶ ನೋಡ್ತೀನಿ. ಕಡೇ ಐದನ್ನ ವರ್ಷದ ಕೊನೆಗೆ ಮುಚ್ಚಬೇಕು ಅಂತ ಆದೇಶ ಬಂದಿದೆ. ಯಾವ ಐದು ಅಂತ ನೀವು ಅಳೆದು ಹೇಳಿ.”

ಅದರಲ್ಲೊಂದು ಠಾಣೆಗೆ ನನ್ನ ಭಾವನೇ ಅಧಿಕಾರಿ ಅಂತ ಆಗಲೇ ಹೇಳಿದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬೀಳುವುದು ದಂಡದ ವ್ಯವಹಾರ.

“ಹಾಗಾದ್ರೆ ಅವರಿಗೆ ಒಂದು ಅಂಕನೂ ಜಾಸ್ತಿ ಕೊಡಬೇಡಿ,” ಅಂದರು.

ಕೊಡುವುದಿಲ್ಲ ಅಂದೆ. ಕೊಟ್ಟ ಮಾತಿಗೆ ನಾನು ತಪ್ಪುವವನಲ್ಲ.

ಫೆಬ್ರವರಿ 20

ನಿಯಮ ಬರೆದು ಮುಗಿಸಿದೆ. ಓದಿ ನೋಡಿದೆ, ನನಗೇ ಮೆಚ್ಚುಗೆಯಾಯಿತು. ಕನ್ನಡಿ ಮುಂದೆ ನಿಂತು ಒಮ್ಮೆ ಗಟ್ಟಿಯಾಗಿಯೂ ಓದಿದೆ. ನನ್ನಾಕೆ ಒಳಗಿನಿಂದ “ಯಾರು ಬಂದಿದ್ದಾರೆ?” ಅಂದಳು.

ತಿರುಳು ಪಾರ್ಸೆಲ್ಲಿನದೇ. ಬುಕ್ ಆಗದ ಪಾರ್ಸೆಲ್ ಪಾರ್ಸೆಲ್ಲೇ ಅಲ್ಲ. ಹಾಗೆಯೇ, ಸಾರ್ವಜನಿಕರಿಂದ ಕರೆ ಬಂದು ಬಂಡಿ ಹೊರಟರೆ ಅದು ಕೆಲಸ. ಕರೆ ಇಲ್ಲದೆ ಹೊರಟರೆ ಅದು ಅಡ್ಡಾಟ. ಭಾರದ ಪಾರ್ಸೆಲ್ಲಿಗೆ ದರ ಹೆಚ್ಚು. ದೊಡ್ಡ ಬೆಂಕಿಗೆ ಅಂಕ ಹೆಚ್ಚು. ಬೇಗ ತಲುಪಿದರೆ ಇನ್ನಷ್ಟು. ಪಟ್ಟಿಯಲ್ಲಿ ಯಾವ ಠಾಣೆ ಮೇಲೇರಿದರೂ ಅದರ ಅಧಿಕಾರಿಯ ಫೋನಿಗೆ ತಾನೇ ತಾನಾಗಿ ಅಭಿನಂದನೆ ಹೋಗುತ್ತದೆ. ಹುರಿದುಂಬಿಸದೆ ಜನ ಕೆಲಸ ಮಾಡುವುದಿಲ್ಲ. ಆ ಸಂದೇಶವನ್ನು ನಾನೇ ರಚಿಸಿದೆ.

ಮಾರ್ಚ್ 31

ಮೊದಲ ಪಟ್ಟಿ ಬಂತು. ಭಾವನ ಠಾಣೆ ನಲವತ್ತನೇ ಸ್ಥಾನದಲ್ಲಿದೆ. ಇರುವುದೇ ನಲವತ್ತು.

ಏಪ್ರಿಲ್ 2

ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಕ್ವಾರ್ಟರ್ಸ್ ಠಾಣೆಯ ಹಿಂದೆಯೇ. ಅಡುಗೆಮನೆ ಕಿಟಕಿ ತೆಗೆದರೆ ಕೆಂಪು ಬಂಡಿಯ ಮೂತಿ ಕಾಣುತ್ತದೆ. ಠಾಣೆ ಮುಚ್ಚಿದರೆ ಆ ಮನೆಯೂ ಹೋಗುತ್ತದೆ, ಠಾಣೆಯ ಹದಿಮೂರು ಜನ ದಿಕ್ಕಿಗೊಬ್ಬರಾಗುತ್ತಾರೆ.

“ಬನ್ನಿ ಸಾಹುಕಾರ್ರೆ,” ಅಂದರು ಭಾವ. ನಾನು ನೂರನೇ ಬಂಡಿ ಕೊಂಡಾಗಿನಿಂದ ನನಗೆ ಅವರಿಟ್ಟ ಹೆಸರು ಅದು. “ಕೊನೇ ಸ್ಥಾನದವರ ಮನೇಲಿ ಊಟ ಇಳಿಯುತ್ತಾ?”

“ಭಾವ, ನಾನು ಮಾಡಿದ್ದಲ್ಲ. ಲೆಕ್ಕ ಮಾಡಿದ್ದು.”

“ಲೆಕ್ಕ ಮಾಡಿದ್ದು ಯಾರು?” ಅಂದಳು ಅಕ್ಕ, ಬಡಿಸುತ್ತಾ.

“ಮೂರು ತಿಂಗಳಲ್ಲಿ ನಿಮ್ಮ ವ್ಯಾಪ್ತಿಯಲ್ಲಿ ಬೆಂಕಿ ಬಿದ್ದದ್ದೇ ನಾಲ್ಕು ಸಲ. ಪಕ್ಕದ ಠಾಣೇಲಿ ಅರವತ್ತು. ನೀವು ಏನು ಮಾಡ್ತಿದ್ರಿ ಅಂತ ನಾನು ಬರೀಲಿ?”

 ಭಾವ ಇನ್ನೊಂದು ತುತ್ತು ಕಲಸಿಕೊಂಡರು.

“ಪುಟ್ಟ,” ಅಂದಳು ಅಕ್ಕ. ಐವತ್ತೆರಡು ವರ್ಷದ ನನಗೆ ಅವಳ ಮನೆಯಲ್ಲಿ ಇದೇ ಹೆಸರು. “ನೀನು ಚಿಕ್ಕವನಿದ್ದಾಗ ಬಿಸಿ ಪಾತ್ರೆ ಮುಟ್ಟೋಕೆ ಹೋದಾಗೆಲ್ಲ ಕೈ ಹಿಡಿದು ಎಳೀತಿದ್ದೆ. ಅದಕ್ಕೆ ಎಷ್ಟು ಅಂಕ?”

ಹೆಂಗಸರಿಗೆ ವ್ಯವಹಾರ ಅರ್ಥವಾಗುವುದಿಲ್ಲ ಅಂತ ಬರೆಯುತ್ತಿದ್ದೆ. ಈ ಪುಸ್ತಕ ನನ್ನಾಕೆಯ ಕೈಗೂ ಸಿಗುವಂಥದ್ದು, ಬರೆದಿಲ್ಲ ಅಂತಿಟ್ಟುಕೊಳ್ಳೋಣ.

ಏಪ್ರಿಲ್ 9

ನಲವತ್ತನೇ ಠಾಣೆಯನ್ನು ಕಣ್ಣಾರೆ ನೋಡಲು ಹೋದೆ. ಅದರ ರೋಗ ಸಿಕ್ಕಿತು.

ಬೆಳಿಗ್ಗೆ ಕವಾಯತು ಮುಗಿದದ್ದೇ ಅರ್ಧ ಜನ ಬಂಡಿ ಏರಿ ಗಲ್ಲಿಗಳಿಗೆ ಹೋಗುತ್ತಾರೆ. ಕರೆ ಇಲ್ಲ, ಬೆಂಕಿ ಇಲ್ಲ. ಇದಕ್ಕೆ ‘ಸುತ್ತು’ ಅಂತಾರೆ. ಅದು ಹಳೇ ಮಾರುಕಟ್ಟೆ, ಒಂದರ ಮೈಮೇಲೊಂದು ಕೂತ ಅಂಗಡಿಗಳು. ಒಳಗೆ ನುಗ್ಗಿ ಗ್ಯಾಸಿನ ಪೈಪು ಮೂಸುತ್ತಾರೆ, ಸುಲಿದ ವೈರಿಗೆ ಟೇಪು ಸುತ್ತುತ್ತಾರೆ, ಮೆಟ್ಟಿಲ ಮೇಲಿಟ್ಟ ಡಬ್ಬ ಎತ್ತಿಸುತ್ತಾರೆ, ಬೈಸಿಕೊಳ್ಳುತ್ತಾರೆ, ಟೀ ಕುಡಿಯುತ್ತಾರೆ.

ಒಂದು ಹಾಸಿಗೆ ಅಂಗಡಿಯಲ್ಲಿ ನಾನೂ ನಿಂತು ನೋಡಿದೆ. ಹತ್ತಿ, ಸ್ಪಂಜು, ಬಟ್ಟೆ ಸೂರಿನ ತನಕ. ನಡುವೆ ಒಂದೇ ಪ್ಲಗ್ಗಿಗೆ ಹೊಲಿಗೆ ಮಿಷನ್ನು, ಇಸ್ತ್ರಿಪೆಟ್ಟಿಗೆ, ಫ್ಯಾನು, ಎಲ್ಲ. ಭಾವ ಪ್ಲಗ್ಗನ್ನು ಕಿತ್ತರು.

“ಏನಮ್ಮಾ, ಹೋದ ವಾರ ಏನು ಹೇಳಿದ್ದೆ?”

“ನೀವು ಕಿತ್ತು ಹೋಗಿ, ನಾನು ಹಾಕ್ಕೋತೀನಿ,” ಅಂದಳು ಅಂಗಡಿಯಾಕೆ, ಸೂಜಿ ಬಾಯಲ್ಲಿಟ್ಟುಕೊಂಡೇ. “ನಿಮಗೂ ಕೆಲಸ, ನನಗೂ ಕೆಲಸ.”

“ಇಸ್ತ್ರಿಗೆ ಬೇರೆ ಲೈನ್ ಎಳೆಸು.”

“ಎಳೆಸ್ತೀನಿ. ನಿಮ್ಮ ಮಗಳ ಮದುವೆಗೆ ಹಾಸಿಗೆ ಆರ್ಡರ್ ಕೊಡಿ, ಆ ದುಡ್ಡಲ್ಲಿ ಎಳೆಸ್ತೀನಿ.”

ಹೊರಗೆ ಬಂದು ಭಾವನಿಗೆ ವಿಷಯ ಬಿಡಿಸಿ ಹೇಳಿದೆ. ಈ ಸುತ್ತಿಗೆ ಅಂಕವಿಲ್ಲ. ಬಂಡಿ ಗಲ್ಲಿಯಲ್ಲಿ ಸಿಕ್ಕಿಕೊಂಡರೆ ನಿಜವಾದ ಕರೆಗೆ ತಡವಾಗಿ ಅಂಕಕ್ಕೆ ಕತ್ತರಿ ಬೇರೆ. ಸುತ್ತು ನಿಲ್ಲಿಸಿ, ಬಂಡಿಯನ್ನು ಬಾಗಿಲಲ್ಲೇ ಮುಖ ಹೊರಗೆ ಮಾಡಿ ನಿಲ್ಲಿಸಿ, ಬಂದ ಕರೆ ಯಾವುದನ್ನೂ ಬಿಡಬೇಡಿ.

“ಬೆಂಕಿ ಬೀಳೋ ತನಕ ಕಾಯಬೇಕು ಅಂತೀರಿ,” ಅಂದರು.

“ಠಾಣೆ ಉಳೀಬೇಕಾ ಬೇಡ್ವಾ ಭಾವ?”

ಭಾವ ಡ್ರೈವರನ್ನು ಕರೆದು, “ನಾಳೆಯಿಂದ ಸುತ್ತು ಬೇಡ,” ಅಂದರು. ಡ್ರೈವರ್ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ, ತೂಕ ಹಾಕುವವನ ಹಾಗೆ.

ಮೇ 6

ಮೂವತ್ತೆಂಟನೇ ಸ್ಥಾನ! ಬೆಕ್ಕು ಇಳಿಸಿದ್ದು, ಒಳಗಿನಿಂದ ಚಿಲಕ ಬಿದ್ದ ಬಾಗಿಲು ತೆಗೆದದ್ದು, ನೆಲಮಾಳಿಗೆಯ ನೀರೆತ್ತಿದ್ದು, ಎಲ್ಲಕ್ಕೂ ಅಂಕ. ಭಾವನಿಗೆ ಫೋನ್ ಮಾಡಿ ಅಭಿನಂದಿಸಿದೆ.

“ಬೆಕ್ಕಿಗೇ ಹೇಳಿ. ಅದೇ ಮತ್ತೆ ಹತ್ತಿ ಕೂತಿದೆ,” ಅಂದರು.

ಜೂನ್ 14

ಮಧ್ಯಾಹ್ನ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು.

ನಾಲ್ಕು ನಿಮಿಷದಲ್ಲಿ ತಲುಪಿದರು. ರಾಜ್ಯದಲ್ಲೇ ಅಷ್ಟು ಬೇಗ ಯಾರೂ ತಲುಪಿಲ್ಲ. ಬಂಡಿಯನ್ನು ಮುಖ ಹೊರಗೆ ಮಾಡಿ ನಿಲ್ಲಿಸಿದ್ದರಲ್ಲ. ಹತ್ತಿ ಮತ್ತು ಸ್ಪಂಜಿಗೆ ನಾಲ್ಕು ನಿಮಿಷ ಬಹಳವಾಯಿತು. ಆಕೆ ಹೊರಗೆ ಬಂದವಳು, ಗಿರಾಕಿಯ ಹಾಸಿಗೆ ಒಳಗಿದೆ ಅಂತ ಮತ್ತೆ ಹೋಗಿದ್ದಾಳೆ. ಬಲಗೈ ಮೊಣಕೈ ತನಕ ಸುಟ್ಟಿದೆ.

ಆಸ್ಪತ್ರೆಗೆ ಓಡಿದೆ. ಮೊಗಸಾಲೆಯ ಬೆಂಚಿನ ಮೇಲೆ ಭಾವ ಕೂತಿದ್ದರು, ಮಸಿ ಮೆತ್ತಿದ ಕೋಟಿನಲ್ಲೇ. ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಅವರ ಫೋನು ಟಿಣ್ ಅಂದಿತು. ಓದಿದರು. ಮತ್ತೊಮ್ಮೆ ಓದಿ ನನ್ನ ಕೈಗೆ ಕೊಟ್ಟರು.

“ಸಾಹುಕಾರ್ರೆ, ನಿಮ್ಮದು.”

‘ಹೃತ್ಪೂರ್ವಕ ಅಭಿನಂದನೆಗಳು! ಇಂದಿನ ಅಮೋಘ ಸಾಧನೆಯಿಂದ ನಿಮ್ಮ ಠಾಣೆ ಹನ್ನೊಂದು ಸ್ಥಾನ ಮೇಲೇರಿದೆ. ಹೀಗೆಯೇ ಮುಂದುವರಿಯಿರಿ.’

ದೊಡ್ಡ ಬೆಂಕಿಗೆ ಅಂಕ ಹೆಚ್ಚು.

ಜೂನ್ 15

ಏನೂ ಇಲ್ಲ.

ಜೂನ್ 16

ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲು ತೆಗೆದಳು. ನೋಡಿದಳು. ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು, ಒಳಗೆ ಹೋಗಬಹುದಿತ್ತು. ಹೋಗಲಿಲ್ಲ.

ಜೂನ್ 18

ನಿರ್ದೇಶಕಿಯ ಕೋಣೆ. ನಿಯಮ ಬದಲಿಸಬೇಕು, ಬೆಂಕಿ ಬೀಳದಂತೆ ನೋಡಿಕೊಂಡದ್ದಕ್ಕೂ ಅಂಕ ಕೊಡಬೇಕು ಅಂದೆ. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬೀಳದೇ ಇದ್ದ ಬೆಂಕೀನ ಹೇಗೆ ಎಣಿಸ್ತೀರಿ?”

 ಈ ಸಲ ಕೈಯಲ್ಲಿ ಮೈಕು ಇರಲಿಲ್ಲ.

“ನಿಮ್ಮ ನಿಯಮ ಅಂಗೀಕಾರ ಆಗಿದೆ, ಉಳಿದ ಮೂವತ್ತೊಂಬತ್ತು ಠಾಣೆ ಅದನ್ನ ನಂಬಿ ಓಡ್ತಿವೆ. ಈಗ ನಡುವೆ ಬದಲಾಯಿಸಿದ್ರೆ ಭಾವನಿಗೋಸ್ಕರ ಅಂತಾರೆ. ನೀವೇ ಭಾಷಣದಲ್ಲಿ ಹೇಳಿದ್ರಲ್ಲ, ಅಳೀತಾ ಅಳೀತಾ ಅಳತೆಗೋಲು ಉದ್ದ ಮಾಡಬಾರದು ಅಂತ.”

ಹೇಳಿದ್ದೆ. ಚಪ್ಪಾಳೆ ಕೂಡ ಬಿದ್ದಿತ್ತು.

ಜೂನ್ 27

ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಆಸ್ಪತ್ರೆಗೆ ಹೋದೆ. ಹಾಸಿಗೆ ಅಂಗಡಿಯಾಕೆಗೆ ಬಲಗೈ ತುಂಬ ಬ್ಯಾಂಡೇಜು. ಬಾಯಿ ಮಾತ್ರ ಸೂಜಿಯಷ್ಟೇ ಚೂಪು.

“ಇದೂ ಒಂದು ಹಾಸಿಗೆಯಾ?” ಅಂದಳು, ಮಲಗಿದ್ದ ಮಂಚ ತೋರಿಸಿ. “ನಾನಾಗಿದ್ರೆ ಹೊಲಿದವನ ಮುಖಕ್ಕೆ ಎಸೀತಿದ್ದೆ.” ಆಮೇಲೆ, “ಆ ಸಾಹೇಬ್ರಿಗೆ ಹೇಳಿ, ಅವರದೇನೂ ತಪ್ಪಿಲ್ಲ. ವಾರಾ ವಾರ ಬಂದು ಬೈತಿದ್ರು. ಅವರು ಬಂದ ದಿನ ನಾಚಿಕೆಗಾದ್ರೂ ಸಾಯಂಕಾಲದ ತನಕ ಇಸ್ತ್ರಿ ಹಾಕ್ತಿರಲಿಲ್ಲ. ಯಾಕೋ ಬರೋದೇ ಬಿಟ್ರು.”

“ನಾನು ಬಿಡಿಸಿದ್ದು,” ಅಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

“ನೀವ್ಯಾರು?”

“ನಾನು ಅವರ ಕೆಲಸ ಅಳೆಯೋನು.”

ಅವಳು ಕೋಪಿಸಿಕೊಂಡಿದ್ದರೆ ಒಳ್ಳೆಯದಿತ್ತು. 

“ಅಳೆದ್ರಾ?” ಅಂದಳು.

ಜುಲೈ 2

ಬೆಳಿಗ್ಗೆಯಿಂದ ನನ್ನದೇ ನಿಯಮವನ್ನು ಮೋಸ ಮಾಡಲು ಬಂದ ಗಿರಾಕಿಯ ಹಾಗೆ ಓದುತ್ತಾ ಕೂತೆ. ಗಿರಾಕಿಗಳು ಹೇಗೆಲ್ಲ ಮೋಸ ಮಾಡುತ್ತಾರೆ ಅಂತ ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ‘ಸಾರ್ವಜನಿಕರಿಂದ ಕರೆ ಬಂದು ಬಂಡಿ ಹೊರಟರೆ ಅದು ಕೆಲಸ.’ ಯಾತಕ್ಕಾಗಿ ಕರೆ ಅಂತ ನಾನು ಎಲ್ಲೂ ಕೇಳಿಲ್ಲ. ಪಾರ್ಸೆಲ್ಲಿನ ಒಳಗೇನಿದೆ ಅಂತ ನಾವು ಕೇಳುತ್ತೇವೆಯೇ?

ಮೇಡಂಗೆ ಫೋನ್ ಮಾಡಿದೆ. ಜನ ತಾವಾಗಿ ಕರೆದು ‘ಬಂದು ನಮ್ಮ ವೈರು ನೋಡಿ’ ಅಂದರೆ ಅದು ಕೆಲಸವೋ ಅಲ್ಲವೋ ಅಂತ ಕೇಳಿದೆ.

“ನೀವು ಬರೆದಿರೋ ಪ್ರಕಾರ ಕೆಲಸ,” ಅಂದರು. ಆಮೇಲೆ, “ನಾನು ಏನೂ ಬದಲಾಯಿಸಿಲ್ಲ, ನೀವೂ ಬದಲಾಯಿಸಿಲ್ಲ. ತುರ್ತು ನಂಬರಿಗೆ ಮಾತ್ರ ಯಾರೂ ಮಾಡಬಾರದು, ಠಾಣೆಯ ಫೋನಿಗೆ ಮಾಡ್ಲಿ,” ಅಂದರು. ನಗುತ್ತಿದ್ದರು ಅಂತ ನನ್ನ ಅನುಮಾನ.

ಜುಲೈ 9

ಗಲ್ಲಿ ಗಲ್ಲಿ ತಿರುಗಿ ಫೋನ್ ಮಾಡಿ ಅಂತ ಜನರನ್ನು ಬೇಡುತ್ತಿದ್ದೇನೆ. ಮೊದಲ ಸೈಕಲ್ಲಿನ ಕಾಲದಲ್ಲೂ ಇಷ್ಟು ಬೇಡಿದ್ದಿಲ್ಲ.

“ಬೆಂಕಿನೇ ಇಲ್ವಲ್ಲಪ್ಪ, ಏನಂತ ಫೋನ್ ಮಾಡ್ಲಿ?” ಅಂದಳು ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ.

“ಬೀಳಬಹುದೇನೋ ಅಂತ ಭಯ ಆಗ್ತಿದೆ, ಬಂದು ನೋಡಿ ಅನ್ನಿ.”

“ನನಗ್ಯಾಕೆ ಭಯ? ಭಯ ಆಗಿರೋದು ನಿನಗೆ. ನೀನೇ ಮಾಡು.”

ಸಾಯಂಕಾಲ ಅಜ್ಜಿಯೇ ಮಾಡಿದಳಂತೆ. ‘ಇಲ್ಲೊಬ್ಬ ಬಿಸಿಲಲ್ಲಿ ಅಲೀತಿದ್ದಾನೆ, ಪಾಪ, ಅವನಿಗೋಸ್ಕರ ಬನ್ನಿ’ ಅಂದಳಂತೆ. ಬಂಡಿ ಹೋಯಿತು. ಅಜ್ಜಿಯ ಒಲೆಯ ಪೈಪು ಬಿರುಕು ಬಿಟ್ಟಿತ್ತು.

ಜುಲೈ 30

ಬೆಳಗಿನ ಕವಾಯತಿಗೆ ಹೋಗಿದ್ದೆ, ಬರೀ ಲೆಕ್ಕ ತಾಳೆ ನೋಡಲು. ಡ್ರೈವರ್ ಪಕ್ಕದ ಸೀಟು ಒರೆಸಿ, “ಹತ್ತಿ, ನಿಂತು ಏನು ಎಣಿಸ್ತೀರಿ,” ಅಂದ. ಜನ ಕರೆಯತೊಡಗಿದ ಮೇಲೆ ಸುತ್ತು ಮತ್ತೆ ಶುರುವಾಗಿದೆ, ಮುಗಿಯುವ ತನಕ ಜೊತೆಗಿದ್ದೆ. ಎರಡು ಕಡೆ ನಾನೇ ಪ್ಲಗ್ಗು ಕಿತ್ತೆ, ಚೆನ್ನಾಗಿ ಬೈಸಿಕೊಂಡೆ. ನಮ್ಮ ಠಾಣೆಯ ಟೀ ಇಲಾಖೆಯಲ್ಲೇ ಕೆಟ್ಟದ್ದು. ಎರಡು ಲೋಟ ಕುಡಿದೆ.

ಇದೆಲ್ಲ ವ್ಯವಹಾರಕ್ಕಾಗಿ.

ಆಗಸ್ಟ್ 20

ನಾವು ಒಂಬತ್ತನೇ ಸ್ಥಾನ. ಈ ಸಲ ಅಭಿನಂದನೆ ಸಂದೇಶ ಹೋಗಲಿಲ್ಲ. ಜೂನ್‌ನಲ್ಲೇ ಕಿತ್ತುಹಾಕಿದ್ದೆ, ಬರೆಯುವುದು ಮರೆತಿತ್ತು.

ಭಾವನಿಗೆ ಹೇಳೋಣ ಅಂತ ಠಾಣೆಗೆ ಹೋದೆ. ಹಿಂದೆ ಅಕ್ಕನ ಅಡುಗೆಮನೆ ಕಿಟಕಿ ತೆರೆಯಿತು.

“ಪುಟ್ಟ, ಊಟ ಆಯ್ತಾ?”

“ಇಲ್ಲ.”

“ಬಾ ಮತ್ತೆ. ಕಿಟಕೀಲಿ ಕೊಡೋಕೆ ನೀನೇನು ಕಾಗೆಯಾ?”

ಮೂರು ಸಲ ಬಡಿಸಿಕೊಂಡೆ. ಎಣಿಸಿದ್ದು ಅಕ್ಕ, ನಾನಲ್ಲ.

ಅಕ್ಟೋಬರ್ 4

ಉಳಿದ ಠಾಣೆಗಳಿಂದ ಫೋನಿನ ಮೇಲೆ ಫೋನು. ಕೊನೆಯ ಠಾಣೆ ಹೇಗೆ ಮೇಲೇರಿತು ಅಂತ. ಗುಟ್ಟನ್ನು ಇಟ್ಟುಕೊಂಡಿದ್ದರೆ ನಮ್ಮ ಠಾಣೆ ಭದ್ರ, ಬೇರೆ ಐದು ಮುಚ್ಚಿಕೊಳ್ಳಲಿ. ವ್ಯಾಪಾರಿಯಾದವನು ಹಾಗೇ ಮಾಡಬೇಕು. ಮೊದಲನೆಯವರಿಗೆ ಹೇಳಬಾರದು ಅಂತಲೇ ಫೋನೆತ್ತಿದೆ. ಆ ಕಡೆಯವರು, “ಸಾರ್, ನಮ್ಮ ಕಡೆ ಪೇಂಟ್ ಗೋದಾಮಿನ ಸಾಲೇ ಇದೆ,” ಅಂದರು. ಹೇಳಿಬಿಟ್ಟೆ. ಒಬ್ಬರಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳದಿರುವುದು ಚೆನ್ನಾಗಿರುವುದಿಲ್ಲ. ಹೇಳಿ ಹೇಳಿ ಸಾಯಂಕಾಲಕ್ಕೆ ದನಿ ಬಿದ್ದುಹೋಯಿತು.

ಡಿಸೆಂಬರ್ 22

ನಿರ್ದೇಶಕಿ ಕರೆಸಿದ್ದರು. ಮೇಜಿನ ಮೇಲೆ ವರ್ಷದ ಪಟ್ಟಿ. ನಲವತ್ತೂ ಠಾಣೆಗೆ ಹೆಚ್ಚುಕಡಿಮೆ ಒಂದೇ ಅಂಕ, ಎಲ್ಲದರ ಮುಂದೆಯೂ ‘ಅತ್ಯುತ್ತಮ’. ಜನ ಕರೆಯುತ್ತಿದ್ದಾರೆ, ಬಂಡಿಗಳು ಹೋಗುತ್ತಿವೆ, ರಾಜ್ಯದಲ್ಲಿ ಬೆಂಕಿ ಅನಾಹುತ ಕಡಿಮೆಯಾಗಿದೆ.

“ಯಾವ ಐದು ಮುಚ್ಚಲಿ ಅಂತ ಮೇಲಿನವರು ಕೇಳಿದ್ರು,” ಅಂದರು. “ಈ ಪಟ್ಟಿ ಕಳಿಸ್ದೆ. ಅತ್ಯುತ್ತಮ ಅಂತ ಕಾಗದದ ಮೇಲಿರೋ ಠಾಣೇನ ಮುಚ್ಚೋಕೆ ಯಾರಿಗೂ ಧೈರ್ಯ ಬರಲಿಲ್ಲ. ಆದೇಶ ವಾಪಸ್ ತಗೊಂಡ್ರು.”

“ಸಂತೋಷ ಮೇಡಂ.”

“ಇನ್ನೊಂದು ಕಾಗದನೂ ಬಂತು. ಎಲ್ಲರೂ ಅತ್ಯುತ್ತಮ ಅಂದ್ಮೇಲೆ ಅಳೆಯೋನಿಗೆ ಸಂಬಳ ಯಾಕೆ ಅಂತ.”

ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಅಷ್ಟು ಅಂದದ, ಅಷ್ಟು ನಿರುಪಯೋಗಿ ಪಟ್ಟಿಯನ್ನು ನಾನು ಈವರೆಗೆ ತಯಾರಿಸಿಲ್ಲ.

“ಬೇಜಾರಾಯ್ತಾ?” ಅಂದರು.

ಇಲ್ಲ ಅಂದೆ. ನನ್ನಾಕೆ ನಂಬಲಿಲ್ಲ. ನಾನೂ ನಂಬಿಲ್ಲ, ಆದರೆ ಮನೆಗೆ ಬರುವ ದಾರಿಯಲ್ಲಿ ಸಿಳ್ಳೆ ಹಾಕುತ್ತಿದ್ದೆ ಅಂತ ಎದುರುಮನೆಯವರು ಹೇಳಿದರಂತೆ.

ಡಿಸೆಂಬರ್ 30

ವರ್ಷದ ಲೆಕ್ಕ ಮುಗಿಸಿ ಪುಸ್ತಕ ಮುಚ್ಚುತ್ತೇನೆ. ಯಾರಿಗೆ ಏನು ಬಂತು:

ನಿರ್ದೇಶಕಿಗೆ ಒಂದು ಪದಕ, ಮೇಲಿನ ಮಹಡಿಯಲ್ಲಿ ಕೋಣೆ.

ಭಾವನಿಗೆ ಠಾಣೆ, ಹದಿಮೂರು ಜನ, ದಿನಾ ಬೆಳಗಿನ ಸುತ್ತು. ಈಗ ಅದಕ್ಕೆ ಅಂಕವೂ ಇಲ್ಲ, ಅಳೆಯುವವನೂ ಇಲ್ಲ, ಆದರೂ ಇವತ್ತು ಹೋದರು.

ಅಕ್ಕನಿಗೆ ಅದೇ ಮನೆ.

ಡ್ರೈವರನಿಗೆ ಪಕ್ಕದ ಸೀಟಿನಲ್ಲಿ ಕೂತು ಬಾಯಿ ಮುಚ್ಚದ ಒಬ್ಬ ವ್ಯಾಪಾರಿ, ವಾರಕ್ಕೆ ಮೂರು ದಿನ.

ನನಗೆ ಏನು ಬಂತು ಅಂತ ಬರೆಯಲು ಸರಿಯಾದ ಬಾಬತ್ತು ಸಿಗಲಿಲ್ಲ. ಹಾಗೇ ಬಿಟ್ಟಿದ್ದೇನೆ.

ಹಾಸಿಗೆ ಅಂಗಡಿಯಾಕೆಗೆ, ಮತ್ತೆ ಎಬ್ಬಿಸಿದ ಅಂಗಡಿಯಲ್ಲಿ, ಇಸ್ತ್ರಿಗೆ ಬೇರೆ ಲೈನು ಬಂತು, ನಾನೇ ನಿಂತು ಎಳೆಸಿದೆ. ಬಲಗೈಯ ಬೆರಳು ಮಡಚುವುದಿಲ್ಲ. ಎಡಗೈಯಲ್ಲಿ ಹೊಲಿಯುವುದನ್ನು ಕಲಿಯುತ್ತಿದ್ದಾಳೆ. ಸಾಲು ಇನ್ನೂ ಸೊಟ್ಟ.